ಮಗು ಕೇಳಿದ ಪ್ರಶ್ನೆಗೆ ನನ್ ಹತ್ರ ಉತ್ತರ ಇಲ್ಲ, ಸಂಡೇ ಸ್ಕೂಲ್ ಸೇವೆ ಬಿಟ್ಬಿಡ್ಲಾ?

ಕಾಯ್ತಿರೋಳು

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ತುಂಬಾ ದಿನದಿಂದ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ, ಬರೀತಿರೋದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

11 ವರ್ಷದಿಂದ ನಮ್ಮ ಸಭೆಯ (ಚರ್ಚಿನ) ಸಂಡೇ ಸ್ಕೂಲಲ್ಲಿ ಪಾಠ ಮಾಡ್ತಿದೀನಿ, 8ರಿಂದ 11 ವಯಸ್ಸಿನ ಮಕ್ಕಳು. ಅದರ ಜೊತೆ ವಾರದಲ್ಲಿ ಒಂದಿನ ಕಾಯಿಲೆ ಇರೋರ ಮನೆಗೆ ಹೋಗಿ ಪ್ರೇಯರ್ ಮಾಡೋ ಟೀಮಲ್ಲೂ ಇದೀನಿ. ಯಾರೂ ಬಲವಂತ ಮಾಡಿದ್ದಲ್ಲ, ಇದು ದೇವರು ನನಗೆ ಕೊಟ್ಟ ಕೆಲಸ ಅಂತ ನಂಬಿ ನಾನೇ ಕೈ ಹಾಕಿದ್ದು.

ಹೋದ ವರ್ಷ ನನ್ನ ತಮ್ಮ ತೀರ್ಕೊಂಡ. 29 ವರ್ಷ. 14 ತಿಂಗಳು ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಇಡೀ ಸಭೆ ಉಪವಾಸ ಪ್ರಾರ್ಥನೆ ಮಾಡ್ತು, ನಾನಂತೂ ರಾತ್ರಿ ಮೂರು ಗಂಟೆಗೆ ಎದ್ದು ನೆಲದ ಮೇಲೆ ಬಿದ್ದು ಕೇಳ್ಕೊಂಡಿದೀನಿ, ಅವನಿಗೆ ವಾಸಿಯಾಗುತ್ತೆ ಅಂತ ನನಗೆ ಎಷ್ಟು ಧೈರ್ಯ ಇತ್ತು ಅಂದ್ರೆ ಡಾಕ್ಟರ್ ಕೊನೆ ದಿನ ಹೇಳಿದ್ದು ಕಿವಿಗೇ ಹೋಗಲಿಲ್ಲ. ಮಣ್ಣು ಮಾಡಿ ಬಂದ ಮೂರನೇ ದಿನ ಸಭೆಯ ಒಬ್ಬ ಹಿರಿಯರು ಮನೆಗೆ ಬಂದು, ಎಲ್ಲೋ ಒಂದ್ಕಡೆ ವಿಶ್ವಾಸ ಕಮ್ಮಿ ಆಗಿರಬೇಕಮ್ಮ ಅಂದ್ರು. ಅಮ್ಮ ಅಲ್ಲೇ ಕೂತಿದ್ರು. ಅವತ್ತಿಂದ ಅಮ್ಮ ಆರಾಧನೆಗೆ ಬರ್ತಿಲ್ಲ.

ನಾನು ಹೋಗ್ತಿದೀನಿ. ಪಾಠ ತಪ್ಪಿಸಿಲ್ಲ, ವಿಸಿಟ್ ತಪ್ಪಿಸಿಲ್ಲ. ಆದ್ರೆ ಒಳಗೆ ಏನೂ ಇಲ್ಲ. ಬೈಬಲ್ ತೆಗೆದ್ರೆ ಅಕ್ಷರ ಕಾಣುತ್ತೆ ಅಷ್ಟೇ. ಪ್ರೇಯರಿಗೆ ಕೂತ್ರೆ ಎರಡು ನಿಮಿಷಕ್ಕೆ ಎದ್ದು ಬಿಡ್ತೀನಿ.

ಮೂರು ವಾರದ ಹಿಂದೆ ಪಾಠ ಯಾಯೀರನ ಮಗಳದ್ದು, ಸತ್ತುಹೋಗಿದ್ದ ಹುಡುಗಿಯನ್ನ ಯೇಸು ಮನೆಗೆ ಬಂದು ಎಬ್ಬಿಸಿದ ಕಥೆ. ಹೇಗೋ ಹೇಳಿ ಮುಗಿಸಿದೆ. ಒಂಬತ್ತು ವರ್ಷದ ಒಬ್ಬಳು ಕೈ ಎತ್ತಿ, "ಆಂಟಿ ನೀವೂ ನಿಮ್ಮ ತಮ್ಮನಿಗೆ ಪ್ರೇಯರ್ ಮಾಡಿದ್ರಲ್ವಾ, ಮತ್ತೆ ಯೇಸು ಯಾಕೆ ಬರಲಿಲ್ಲ?" ಅಂದ್ಳು. ಅವಳು ಸುಮ್ನೆ ಕೇಳಿದ್ದು, ಅದರಲ್ಲಿ ಒಂಚೂರೂ ಕೆಟ್ಟದ್ದಿಲ್ಲ. ನಾನು ಮುಂದಿನ ವಾರ ಹೇಳ್ತೀನಿ ಪುಟ್ಟಾ ಅಂದುಬಿಟ್ಟೆ. ಮುಂದಿನ ವಾರ ಬೇರೆ ಪಾಠ ಮಾಡಿದೆ. ಅವಳು ಮತ್ತೆ ಕೇಳಲಿಲ್ಲ, ಆದ್ರೆ ನೋಡ್ತಾನೇ ಇದ್ಳು.

ಈಗ ನನ್ನ ಪ್ರಶ್ನೆ ಇಷ್ಟೇ. ನಂಬಿಕೆ ಹಿಂಗೆ ಒಣಗಿರೋವಾಗ ಮಕ್ಕಳ ಮುಂದೆ ನಿಂತು ದೇವರು ಪ್ರಾರ್ಥನೆ ಕೇಳ್ತಾನೆ ಅಂತ ಹೇಳೋದು ಕಪಟ ಅಲ್ವಾ? ಬಿಟ್ಬಿಡ್ಲಾ? ಬಿಟ್ರೆ ಶೋಧನೆಯಲ್ಲಿ (ನಂಬಿಕೆಯ ಪರೀಕ್ಷೆಯಲ್ಲಿ) ಬಿದ್ದುಹೋದೆ ಅಂತ ಆಗುತ್ತಾ?

ಸಾಸಿವೆಕಾಳು

ಸಿಸ್ಟರ್ ಬಿಡಬೇಡಿ. ಸೈತಾನನಿಗೆ ಬೇಕಾಗಿರೋದೇ ಅದು. ಯಾಕೋಬ 1:2 ಓದಿ, ನಾನಾವಿಧವಾದ ಕಷ್ಟ ಬಂದಾಗ ಸಂತೋಷಪಡಿ ಅಂತಿದೆ. ರೋಮಾ 8:28 ಕೂಡ ಓದಿ, ಎಲ್ಲವೂ ಒಳ್ಳೇದಕ್ಕೇ ಆಗುತ್ತೆ. ದೇವರು ಏನೋ ದೊಡ್ಡದು ಇಟ್ಟಿದಾನೆ ಅದಕ್ಕೇ ಪರೀಕ್ಷೆ ಮಾಡ್ತಿದಾನೆ. ನಿಮಗೋಸ್ಕರ ಪ್ರಾರ್ಥಿಸ್ತೀನಿ.

ಕಾಯ್ತಿರೋಳು

ಥ್ಯಾಂಕ್ಸ್ ಬ್ರದರ್, ಪ್ರಾರ್ಥಿಸ್ತೀನಿ ಅಂದಿದ್ದಕ್ಕೆ ನಿಜವಾಗ್ಲೂ. ಆ ಎರಡು ವಾಕ್ಯ ಈ ಒಂದು ವರ್ಷದಲ್ಲಿ ನನಗೆ ಬಹುಶಃ ನಲವತ್ತು ಜನ ಕಳಿಸಿದಾರೆ. ವಾಕ್ಯ ಸುಳ್ಳು ಅಂತಿಲ್ಲ. ಈಗ ಅದು ಕೈಗೆ ಸಿಗ್ತಿಲ್ಲ ಅಷ್ಟೇ.

ಹಳೇದೀಪ

ತಂಗಿ, ನಾನು ಸೇವೆಯಲ್ಲಿ 38 ವರ್ಷ ಇದ್ದು ಈಗ ನಿವೃತ್ತಿ ಆದವನು. ಮೊದಲು ಒಂದು ವಿಷಯ. ನಿಮ್ಮ ಮನೆಗೆ ಬಂದು ವಿಶ್ವಾಸ ಕಮ್ಮಿ ಅಂದರಲ್ಲ ಆ ಹಿರಿಯರು, ಅವರು ಹೇಳಿದ್ದು ತಪ್ಪು. ಅವರ ಪರವಾಗಿ ನಾನು ನಿಮ್ಮ ತಾಯಿಯವರ ಹತ್ರ ಕ್ಷಮೆ ಕೇಳ್ತೀನಿ, ಇದನ್ನ ಅವರಿಗೆ ಓದಿ ಹೇಳಿ.

ಇದನ್ನ ನಾನು ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ. ಯೋಬನ ಪುಸ್ತಕ ತಗೊಳ್ಳಿ, ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳ್ಕೊಂಡವನು ಅವನು. ಅವನ ಸ್ನೇಹಿತರು ಬಂದು ಮೊದಲ ಏಳು ದಿನ ಸುಮ್ನೆ ನೆಲದ ಮೇಲೆ ಕೂತಿದ್ರು, ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಬಾಯಿ ತೆಗೆದ ಮೇಲೆ ಶುರು, ನೀನು ಎಲ್ಲೋ ತಪ್ಪು ಮಾಡಿದೀಯ, ಇಲ್ಲದಿದ್ರೆ ಹೀಗಾಗ್ತಿರಲಿಲ್ಲ ಅಂತ. ಯೋಬನಾದರೋ ಮೂರನೇ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸ್ತಾನೆ, ಆಮೇಲೆ ಅಧ್ಯಾಯದ ಮೇಲೆ ಅಧ್ಯಾಯ ದೇವರ ಮುಖಕ್ಕೇ ಪ್ರಶ್ನೆ ಹಾಕ್ತಾನೆ. ಕೊನೆಗೆ 42:7ರಲ್ಲಿ ದೇವರು ಸಿಟ್ಟಾಗೋದು ಯಾರ ಮೇಲೆ? ಆ ಸ್ನೇಹಿತರ ಮೇಲೆ. ನನ್ನ ದಾಸ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂತಾನೆ. ಈಗ ಯಾಕೋಬನ ಪತ್ರಿಕೆಗೇ ಬನ್ನಿ, 1:2 ಎಲ್ಲರೂ ಕಳಿಸ್ತಾರೆ, 5:11 ಕಳಿಸಲ್ಲ. ಅಲ್ಲಿ ಯೋಬನ ತಾಳ್ಮೆಯ ಬಗ್ಗೆ ಕೇಳಿದ್ದೀರಿ ಅಂತ ಬರೀತಾನೆ ಯಾಕೋಬ. ಯಾವ ಯೋಬ? ಇದೇ ಕೂಗಾಡಿದ ಯೋಬ. ಅಲ್ಲಿರೋ ಗ್ರೀಕ್ ಪದ ಹುಪೊಮೊನೆ, ಅಂದ್ರೆ ಭಾರದ ಕೆಳಗೇ ನಿಂತಿರೋದು, ಅಲ್ಲಿಂದ ಎದ್ದು ಹೋಗದೆ ಇರೋದು. ಬಾಯಿ ಮುಚ್ಕೊಂಡು ನಗ್ತಾ ಇರೋದು ಅಂತ ಆ ಪದಕ್ಕೆ ಅರ್ಥವೇ ಇಲ್ಲ. ಯೋಬ ದೇವರ ಹತ್ರ ಜಗಳ ಆಡಿದ, ಆದ್ರೆ ದೇವರ ಹತ್ರಾನೇ ಆಡಿದ, ಬೆನ್ನು ತೋರಿಸಿ ಹೋಗಲಿಲ್ಲ. ಸ್ಥಿರವಾಗಿರೋದು ಅಂದ್ರೆ ನನಗೆ ತಿಳಿದ ಮಟ್ಟಿಗೆ ಅದು.

ಇನ್ನು ಸೇವೆ ಬಿಡೋ ವಿಷಯ. 1 ಅರಸು 19 ಓದಿ. ಹಿಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ ಎಲೀಯ, ಕೊಲ್ಲಿಸ್ತೀನಿ ಅಂದ ರಾಣಿ ಈಜೆಬೆಲಳ ಒಂದು ಮಾತಿಗೆ ಓಡಿಹೋಗಿ ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕೂತು ಸಾಕಪ್ಪಾ ನನ್ನ ಪ್ರಾಣ ತೆಗೆದುಬಿಡು ಅಂತಾನೆ. ದೇವರು ಬೈದನಾ? ಉಪದೇಶ ಮಾಡಿದನಾ? ನಿದ್ದೆ ಮಾಡೋಕೆ ಬಿಟ್ಟ. ದೂತ ಬಂದು ತಟ್ಟಿ ಎಬ್ಬಿಸಿ ರೊಟ್ಟಿ ನೀರು ಕೊಟ್ಟ. ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ, ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂದ. ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂತ ದೇವರ ಕಡೆಯವನೇ ಒಪ್ಪಿಕೊಂಡ ಜಾಗ ಅದು, ನನಗೆ ತುಂಬಾ ಪ್ರಿಯ. ಆಮೇಲೆ ಅವನ ಕೆಲಸಕ್ಕೆ ಎಲೀಷನನ್ನ ಜೊತೆ ಮಾಡಿ ಕೊಟ್ಟ. ಮೋಶೆಗೂ ಹಾಗೇ, ಅರಣ್ಯಕಾಂಡ 11ರಲ್ಲಿ ಇಷ್ಟು ಜನದ ಭಾರ ನಾನೊಬ್ಬನೇ ಹೊರಲಾರೆ ಅಂದಾಗ ದೇವರು 70 ಹಿರಿಯರನ್ನ ಕೊಟ್ಟ, ಇನ್ನೂ ಗಟ್ಟಿಯಾಗು ಅನ್ನಲಿಲ್ಲ.

ನನ್ನ ಹೆಂಡತಿ ಹಾಸಿಗೆ ಹಿಡಿದಾಗ ನಾನು ಎಂಟು ತಿಂಗಳು ಪ್ರಸಂಗ ಮಾಡಲಿಲ್ಲ. ಪುಲ್ಪಿಟ್ ಹತ್ತೋಕೆ ಕಾಲೇ ಬರ್ತಿರಲಿಲ್ಲ. ಆಗ ನನಗೂ ನಿಮ್ಮ ಹಾಗೇ ಅನ್ನಿಸಿತ್ತು, ಬಿದ್ದುಹೋದೆ ಅಂತ. ಬೇರೆಯವರು ಪ್ರಸಂಗ ಮಾಡೋದನ್ನ ಕೂತು ಕೇಳಿದೆ, ಹಾಡೋವಾಗ ಬಾಯಿ ಬರದಿದ್ರೆ ಪಕ್ಕದವರ ಹಾಡು ಕೇಳಿಸಿಕೊಂಡೆ. ಅವರ ನಂಬಿಕೆ ಮೇಲೆ ನಾನು ಆ ಎಂಟು ತಿಂಗಳು ಬದುಕಿದೆ ಅಂದ್ರೂ ತಪ್ಪಿಲ್ಲ. ಪಾರ್ಶ್ವವಾಯು ಆದವನನ್ನ ನಾಲ್ಕು ಜನ ಹೊತ್ಕೊಂಡು ಬಂದು ಮಾಳಿಗೆ ತೆಗೆದು ಇಳಿಸಿದಾಗ ಯೇಸು ನೋಡಿದ್ದು ಅವರ ನಂಬಿಕೆಯನ್ನ ಅಂತ ಮಾರ್ಕ 2:5ರಲ್ಲಿದೆ. ಸ್ವಲ್ಪ ದಿನ ಹೊರಿಸಿಕೊಳ್ಳಿ ತಂಗಿ.

ಎರಡನೇಮೈಲಿ

ಹಳೇದೀಪ ಅಂಕಲ್ ಹೇಳಿದ್ದು ಓದಿ ಕಣ್ಣು ತುಂಬಿತು. ಆದ್ರೆ ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ ಅಕ್ಕ, ಬಿಡೋದು ಬಿಡದೆ ಇರೋದು ಆಮೇಲೆ ನೋಡೋಣ, ಮೊದಲು ಆ ಮಗುವಿಗೆ ಉತ್ತರ ಕೊಡಿ. ನಾನೂ ಮಕ್ಕಳ ಜೊತೆ ಕೆಲಸ ಮಾಡೋಳೇ. ಮಕ್ಕಳು ಕೇಳಿದ ಪ್ರಶ್ನೆಯನ್ನ ನಾವು ದಾಟಿಸಿಬಿಟ್ರೆ, ಇದನ್ನ ಇಲ್ಲಿ ಕೇಳಬಾರದು ಅಂತ ಅವರು ಕಲೀತಾರೆ. ಹತ್ತು ವರ್ಷ ಆದ್ಮೇಲೆ ಅವರ ಮನೆಯಲ್ಲಿ ಸಾವು ಬಂದಾಗ ಸಭೆಗೆ ಬರದೆ ಎಲ್ಲಿಗೋ ಹೋಗ್ತಾರೆ.

ಉತ್ತರ ಗೊತ್ತಿಲ್ಲ ಅಂತೀರ, ಸರಿ, ಬೈಬಲ್ಲೂ ಆ ಪ್ರಶ್ನೆಯನ್ನ ಮುಚ್ಚಿಟ್ಟಿಲ್ಲ. ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ನೋಡಿ. ಎರಡನೇ ವಚನದಲ್ಲಿ ರಾಜ ಹೆರೋದ ಯೋಹಾನನ ಅಣ್ಣ ಯಾಕೋಬನನ್ನ ಕತ್ತಿಯಿಂದ ಕೊಲ್ಲಿಸ್ತಾನೆ. ಅದೇ ಅಧ್ಯಾಯದಲ್ಲಿ ಪೇತ್ರನ ಸೆರೆಮನೆ ಬಾಗಿಲು ದೂತ ಬಂದು ತೆಗೀತಾನೆ. ಇಬ್ಬರೂ ಅಪೊಸ್ತಲರು (ಯೇಸು ಆರಿಸಿಕೊಂಡ ಶಿಷ್ಯರು), ಇಬ್ಬರೂ ಯಾಯೀರನ ಮನೆಯೊಳಕ್ಕೆ ಯೇಸುವಿನ ಜೊತೆ ಹೋದವರು (ಒಳಗೆ ಕರ್ಕೊಂಡು ಹೋಗಿದ್ದು ಪೇತ್ರ ಯಾಕೋಬ ಯೋಹಾನ ಮೂವರನ್ನೇ, ನಿಮ್ಮ ಪಾಠದಲ್ಲೇ ಇದೆ ಅಕ್ಕ). ಆ ಹುಡುಗಿ ಎದ್ದದ್ದನ್ನ ಕಣ್ಣಾರೆ ನೋಡಿದ ಯಾಕೋಬನನ್ನ ಕತ್ತಿಯಿಂದ ಬಿಡಿಸೋಕೆ ಯಾರೂ ಬರಲಿಲ್ಲ. ಪೇತ್ರನ ತಾಯಿಗೆ ಒಂಥರಾ ರಾತ್ರಿ, ಯಾಕೋಬನ ತಾಯಿಗೆ ಇನ್ನೊಂಥರಾ ರಾತ್ರಿ. ಆ ಪುಸ್ತಕ ಬರೆದ ಲೂಕ ಕಾರಣ ಬರೆದಿಲ್ಲ. ಯಾಕೋಬನಿಗೆ ವಿಶ್ವಾಸ ಕಮ್ಮಿ ಇತ್ತು ಅಂತಂತೂ ಬರೆದೇ ಇಲ್ಲ.

ಇಬ್ರಿಯ 11:35 ಇನ್ನೂ ನೇರ. ಒಂದೇ ವಚನದೊಳಗೆ ಕೆಲವು ಹೆಂಗಸರು ಸತ್ತ ತಮ್ಮವರನ್ನ ಜೀವಂತವಾಗಿ ವಾಪಸ್ ಪಡ್ಕೊಂಡ್ರು ಅಂತಾನೂ ಇದೆ, ಬೇರೆ ಕೆಲವರು ಚಿತ್ರಹಿಂಸೆ ಅನುಭವಿಸಿದ್ರು ಬಿಡುಗಡೆ ತಗೊಳ್ಳಲಿಲ್ಲ ಅಂತಾನೂ ಇದೆ. ಇಬ್ಬರಿಗೂ ನಂಬಿಕೆ ಇತ್ತು ಅಂತ 39ನೇ ವಚನ ಹೇಳುತ್ತೆ. ನಿಮ್ಮ ತಮ್ಮ, ನೀವು, ನಿಮ್ಮಮ್ಮ ಆ ವಚನದ ಎರಡನೇ ಅರ್ಧದಲ್ಲಿ ಇದೀರ. ಆದ್ರೂ ಅದೇ ವಚನದಲ್ಲೇ ಇದೀರ.

ಕಪಟದ ಬಗ್ಗೆ. ಸ್ನಾನಿಕನಾದ ಯೋಹಾನ ಸೆರೆಯಲ್ಲಿ ಕೂತು, ಬರಬೇಕಾದವನು ನೀನೇನಾ ಇಲ್ಲಾ ಬೇರೊಬ್ಬನಿಗೆ ಕಾಯಬೇಕಾ ಅಂತ ಕೇಳಿ ಕಳಿಸ್ತಾನೆ, ಮತ್ತಾಯ 11. ಯೇಸುವನ್ನ ಜನರಿಗೆ ತೋರಿಸಿದವನೇ ಅವನು! ಯೇಸು ಅವನನ್ನ ಸೆರೆಯಿಂದ ಬಿಡಿಸಲಿಲ್ಲ, ನನಗೆ ಆ ಭಾಗ ಇವತ್ತಿಗೂ ನುಂಗೋಕೆ ಕಷ್ಟ. ಆದ್ರೆ ಆ ಪ್ರಶ್ನೆ ಕೇಳಿದ್ದಕ್ಕೆ ಅವನನ್ನ ತಳ್ಳಲೂ ಇಲ್ಲ, ಅವನ ಶಿಷ್ಯರು ಹೋದಮೇಲೆ ಜನರ ಮುಂದೆ ಅವನನ್ನ ಎಷ್ಟು ದೊಡ್ಡ ಮಾತಿಂದ ಹೊಗಳ್ತಾನೆ ನೋಡಿ. ಇಲ್ಲದ ನಂಬಿಕೆಯನ್ನ ಇದೆ ಅಂತ ತೋರಿಸಿದ್ರೆ ಕಪಟ. ನನಗೂ ಗೊತ್ತಿಲ್ಲ ಪುಟ್ಟಾ, ನನಗೂ ಅಳು ಬರುತ್ತೆ, ಆದ್ರೂ ನಾನು ಬರ್ತೀನಿ ಅಂತ ಹೇಳಿದ್ರೆ ಅದು ಸಾಕ್ಷಿ.

ಪುಟತಿರುವವ

ಹಳೇ ಮಿಷನರಿಗಳ ಜೀವನ ಓದೋ ಹುಚ್ಚು ನನಗೆ, ಅದರಿಂದ ಒಂದು ಹೇಳ್ತೀನಿ. ಅಡೋನಿರಾಮ್ ಜಡ್ಸನ್ ಅಂತ ಕೇಳಿರ್ತೀರ, ಬರ್ಮಾ ಭಾಷೆಗೆ ಬೈಬಲ್ ತಂದವರು. 1813ರಲ್ಲಿ ಹೋದ್ರು, ಮೊದಲನೇ ವಿಶ್ವಾಸಿಗೆ ದೀಕ್ಷಾಸ್ನಾನ ಕೊಟ್ಟಿದ್ದು 1819ರಲ್ಲಿ, ಆರು ವರ್ಷ ಒಬ್ಬರೂ ಇಲ್ಲ. 1824ರಲ್ಲಿ ಬ್ರಿಟಿಷರ ಜೊತೆ ಬರ್ಮಾ ಯುದ್ಧ ಶುರುವಾದಾಗ ಗೂಢಚಾರ ಅಂತ ಹಿಡಿದು ಸೆರೆಗೆ ಹಾಕಿದ್ರು, ಸುಮಾರು ಒಂದೂವರೆ ವರ್ಷ ಕಾಲಿಗೆ ಕಬ್ಬಿಣ. ಅನುವಾದದ ಹಸ್ತಪ್ರತಿಯನ್ನ ಹೆಂಡತಿ ಆನ್ ಒಂದು ದಿಂಬಿನೊಳಗೆ ಹೊಲಿದು ಅವರ ಹತ್ರ ಇರೋ ಹಾಗೆ ಮಾಡಿದ್ರು. ಸಾಮಾನ್ಯವಾಗಿ ಪ್ರಸಂಗಗಳಲ್ಲಿ ಇಲ್ಲಿವರೆಗೆ ಹೇಳಿ ನಿಲ್ಲಿಸ್ತಾರೆ, ನೋಡಿ ಎಂಥಾ ಸ್ಥಿರತೆ ಅಂತ.

ಆಮೇಲೆ ಆಗಿದ್ದನ್ನ ಹೇಳಲ್ಲ. 1826ರಲ್ಲಿ ಆನ್ ತೀರ್ಕೊಂಡ್ರು, ಜಡ್ಸನ್ ಹತ್ರ ಇರಲಿಲ್ಲ. ಆರು ತಿಂಗಳಿಗೆ ಪುಟ್ಟ ಮಗಳೂ ಹೋಯ್ತು. ಆ ಮನುಷ್ಯ ಮುರಿದು ಹೋದ್ರು. ಜನರಿಂದ ದೂರ ಆಗಿ ಕಾಡಲ್ಲಿ ಒಂದು ಗುಡಿಸಲು ಹಾಕ್ಕೊಂಡ್ರು, ತನಗೆ ತಾನೇ ಒಂದು ಸಮಾಧಿ ತೋಡಿ ಅದರ ಪಕ್ಕ ಕೂತಿರ್ತಿದ್ರು. ದೇವರನ್ನ ನಂಬ್ತೀನಿ ಆದ್ರೆ ಆತ ನನಗೆ ಸಿಗ್ತಿಲ್ಲ ಅನ್ನೋ ಅರ್ಥದಲ್ಲಿ ಪತ್ರ ಬರೆದಿದಾರೆ. ಅಕ್ಕ, ನೀವು ಬರೆದದ್ದು ಓದಿದಾಗ ನನಗೆ ಮೊದಲು ನೆನಪಾಗಿದ್ದೇ ಈ ಮಾತು. ಆ ಕತ್ತಲೆ ಒಂದೆರಡು ತಿಂಗಳದ್ದಲ್ಲ, ವರ್ಷಗಟ್ಟಲೆ ಇತ್ತು. ನಿಧಾನಕ್ಕೆ ಆಚೆ ಬಂದ್ರು, 1834ರಲ್ಲಿ ಇಡೀ ಬೈಬಲಿನ ಅನುವಾದ ಮುಗಿಸಿದ್ರು.

ಒಂದು ವಿಷಯಕ್ಕೆ ಮಾತ್ರ ನನಗೆ ಬೇಜಾರಿದೆ, ಹೇಳಿಬಿಡ್ತೀನಿ. ಇನ್ನೊಬ್ಬ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಇಂಗ್ಲೆಂಡಿಂದ ಬಂಗಾಳಕ್ಕೆ ಬಂದು ಏಳು ವರ್ಷ ಒಂದು ಫಲವನ್ನೂ ನೋಡದೆ ದುಡಿದ್ರು, 1812ರಲ್ಲಿ ಪ್ರೆಸ್ಸಿಗೆ ಬೆಂಕಿ ಬಿದ್ದು ಎಷ್ಟೋ ಹಸ್ತಪ್ರತಿ ಸುಟ್ಟುಹೋದ್ರೂ ಮತ್ತೆ ಮೊದಲಿಂದ ಕೂತ್ರು, ಇದನ್ನ ಎಲ್ಲರೂ ಹೇಳ್ತಾರೆ, ಹೇಳಬೇಕಾದ್ದೇ. ಆದ್ರೆ 1794ರಲ್ಲಿ ಐದು ವರ್ಷದ ಮಗ ಪೀಟರ್ ಸತ್ತಮೇಲೆ ಅವರ ಹೆಂಡತಿ ಡೊರೊಥಿಗೆ ಬುದ್ಧಿ ಸ್ಥಿಮಿತ ತಪ್ಪಿ, 1807ರಲ್ಲಿ ತೀರ್ಕೊಳ್ಳೋವರೆಗೂ ಸರಿ ಹೋಗಲಿಲ್ಲ ಅನ್ನೋದನ್ನ ಅರ್ಧ ವಾಕ್ಯದಲ್ಲಿ ದಾಟಿಬಿಡ್ತಾರೆ. ಆಕೆಯೂ ಆ ಸೇವೆಯ ಬೆಲೆ ಕೊಟ್ಟವಳೇ. ನಿಮ್ಮ ಮನೆಯಲ್ಲಿ ಅಮ್ಮ ಆರಾಧನೆಗೆ ಬರ್ತಿಲ್ಲ ಅಂದ್ರಲ್ಲ, ನೀವು ವಾರವಾರ ಬೇರೆಯವರ ಮನೆಗೆ ಪ್ರೇಯರಿಗೆ ಹೋಗ್ತಿರೋವಾಗ ಅಮ್ಮನ ಹತ್ರ ಯಾರು ಕೂತಿರ್ತಾರೆ? ಇದು ಆಪಾದನೆ ಅಲ್ಲ, ದಯವಿಟ್ಟು ಹಾಗೆ ತಗೋಬೇಡಿ.

ರಾತ್ರಿಪಾಳಿ

ನಾನು ನರ್ಸ್, ಇದೇ ವಿಷಯಕ್ಕೆ ಬಂದೆ. ಸಿಸ್ಟರ್, ನಿದ್ದೆ ಹೇಗಿದೆ? ಊಟ ಸೇರುತ್ತಾ? ಬೆಳಿಗ್ಗೆ ಎದ್ದಾಗ ಯಾಕಾದ್ರೂ ಎದ್ದೆನೋ ಅನ್ಸುತ್ತಾ? ವರ್ಷ ಆದ್ರೂ ಹೀಗೇ ಇದ್ರೆ ಡಾಕ್ಟರಿಗೆ ಅಥವಾ ಕೌನ್ಸೆಲರಿಗೆ ತೋರಿಸಿ. ಅದು ಅಪನಂಬಿಕೆ ಅಲ್ಲ, ಪೌಲನ ಜೊತೆ ಓಡಾಡಿದ ಲೂಕನೇ ವೈದ್ಯ. ಎಲ್ಲವನ್ನೂ ಆತ್ಮಿಕ ಬರಗಾಲ ಅಂತ ಹೆಸರಿಟ್ಟು, ಟ್ರೀಟ್‌ಮೆಂಟ್‌ನಿಂದ ಸರಿ ಹೋಗೋದನ್ನ ವರ್ಷಗಟ್ಟಲೆ ಹೊತ್ಕೊಂಡು ತಿರುಗಿದವರನ್ನ ನಾನು ನೋಡಿದೀನಿ.

ಇನ್ನೊಂದು, ಕಾಯಿಲೆ ಇರೋರ ಮನೆಗೆ ಹೋಗೋ ಟೀಮಿಂದ ಈಗಲೇ ಹೊರಗೆ ಬನ್ನಿ ಅಂತೀನಿ ನಾನು. ಪಾಠ ಬೇರೆ, ಇದು ಬೇರೆ. ತಮ್ಮನನ್ನ ಕಳ್ಕೊಂಡು ಇನ್ನೂ ಹೆಚ್ಚು ದಿನ ಆಗಿಲ್ಲ, ವಾರವಾರ ಅದೇ ಔಷಧಿ ವಾಸನೆ, ಅದೇ ಮಂಚ. ನಾವು ವಾರ್ಡಿನವರೇ ನಮ್ಮ ಮನೆಯಲ್ಲಿ ಸಾವಾದ್ರೆ ಸ್ವಲ್ಪ ದಿನ ಬೇರೆ ಡ್ಯೂಟಿ ಕೇಳ್ತೀವಿ. ತಾಳ್ಕೊಳ್ಳೋದು ಅಂದ್ರೆ ಎಲ್ಲಾ ಏಟಿಗೂ ಬೆನ್ನು ಕೊಡೋದಲ್ಲ. ದಮಸ್ಕದಲ್ಲಿ ಕೊಲ್ಲೋಕೆ ಕಾಯ್ತಿದಾರೆ ಅಂದಾಗ ಪೌಲನನ್ನ ರಾತ್ರಿ ಹೆಡಿಗೆಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದ್ರು, ಅವನು ಇಳಿದು ಹೋದ. ಅದೇ ಪೌಲ ಬೇರೆ ಊರುಗಳಲ್ಲಿ ಐದು ಸಲ ಒಂದು ಕಮ್ಮಿ ನಲವತ್ತು ಏಟು ತಿಂದ ಅಂತ 2 ಕೊರಿಂಥ 11ರಲ್ಲಿ ಅವನೇ ಬರೆದಿದಾನೆ. ಯಾವಾಗ ನಿಲ್ಲಬೇಕು ಯಾವಾಗ ಹೆಡಿಗೆ ಹತ್ತಬೇಕು ಅಂತ ಒಬ್ಬನೇ ಮನುಷ್ಯನಿಗೆ ಎರಡೂ ಗೊತ್ತಿತ್ತು.

ಪುಟತಿರುವವ ಅಣ್ಣ, ಅಮ್ಮನ ಪ್ರಶ್ನೆ ಒಳ್ಳೇದೇ ಕೇಳಿದ್ರಿ, ಆದ್ರೆ ಮಗಳ ತಲೆ ಮೇಲೆ ಇನ್ನೊಂದು ಹೊರೆ ಹಾಕೋದು ಬೇಡ. ಅಮ್ಮನ ಹತ್ರ ಹೋಗಿ ಕೂರಬೇಕಾದ್ದು ಸಭೆ.

ಸಾಸಿವೆಕಾಳು

ಎಲ್ಲಾ ಓದಿದೆ. ಸಿಸ್ಟರ್, ನಾನು ಮೊದಲು ಬರೆದದ್ದು ಅವಸರದ್ದು, ಕ್ಷಮಿಸಿ. ನನಗೆ ಇನ್ನೂ ಮನೆಯವರ ಸಾವು ನೋಡಿ ಗೊತ್ತಿಲ್ಲ. ದಾನಿಯೇಲನ ಪುಸ್ತಕದಲ್ಲಿ ಆ ಮೂವರು ಬೆಂಕಿ ಕುಲುಮೆ ಮುಂದೆ ನಿಂತು ರಾಜನಿಗೆ, ನಮ್ಮ ದೇವರು ಬಿಡಿಸೋಕೆ ಶಕ್ತನು, ಬಿಡಿಸದೆ ಹೋದ್ರೂ ನಿನ್ನ ಪ್ರತಿಮೆಗೆ ಅಡ್ಡ ಬೀಳಲ್ಲ ಅಂತಾರಲ್ಲ, ಆ ಬಿಡಿಸದೆ ಹೋದ್ರೂ ಅನ್ನೋ ಮಾತನ್ನ ನಾನು ಯಾವತ್ತೂ ನಿಂತು ಓದಿರಲಿಲ್ಲ. ಇವತ್ತು ಓದಿದೆ. ನಿಮ್ಮ ತಮ್ಮನ ಬಗ್ಗೆ ನಿಮಗೆ ಹೇಳಬೇಕು ಅನ್ಸಿದ್ರೆ ಇಲ್ಲೇ ಹೇಳಿ, ಓದ್ತೀನಿ.

ಕಾಯ್ತಿರೋಳು

ಎಲ್ಲರಿಗೂ... ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಹತ್ತು ದಿನ ಆಯ್ತು ಉತ್ತರ ಬರೆಯದೆ, ಆದ್ರೆ ದಿನಾ ಬಂದು ಓದ್ತಿದ್ದೆ. ಹಳೇದೀಪ ಅಂಕಲ್, ನೀವು ಬರೆದದ್ದನ್ನ ಅಮ್ಮನಿಗೆ ಓದಿದೆ. ಕ್ಷಮೆ ಕೇಳಿದ ಜಾಗ ಬಂದಾಗ ಇನ್ನೊಂದ್ಸಲ ಓದು ಅಂದ್ರು. ಆಮೇಲೆ ಏನೂ ಮಾತಾಡಲಿಲ್ಲ, ಆ ಕಾಗದ ಎಲ್ಲಿದೆ ಕೊಡು ಅಂದ್ರು, ಇದು ಫೋನಲ್ಲಿದೆ ಅಮ್ಮ ಅಂದೆ, ಬರೆದು ಕೊಟ್ಟಿದೀನಿ.

ನರ್ಸ್ ಸಿಸ್ಟರ್, ನಿದ್ದೆ ಸರಿ ಇಲ್ಲ, ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ವಿಸಿಟ್ ಟೀಮಿಗೆ ಸದ್ಯಕ್ಕೆ ಬರಲ್ಲ ಅಂತ ಪಾಸ್ಟರಿಗೆ ಹೇಳಿದೆ, ಅವರು ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದ್ರು. ಹೇಳಬಹುದು ಅಂತಾನೇ ನನಗೆ ಹೊಳೆದಿರಲಿಲ್ಲ.

ಹೋದ ಭಾನುವಾರ ಕ್ಲಾಸಲ್ಲಿ ಪುಸ್ತಕ ಮುಚ್ಚಿ ಇಟ್ಟು ಮಕ್ಕಳಿಗೆ ಹೇಳಿದೆ, ನಾನು ತುಂಬಾ ಪ್ರೇಯರ್ ಮಾಡಿದೆ, ನನ್ನ ತಮ್ಮ ಸತ್ತುಹೋದ, ಯಾಕೆ ಅಂತ ನನಗೆ ಗೊತ್ತಿಲ್ಲ, ನನಗೆ ದೇವರ ಮೇಲೆ ಕೋಪಾನೂ ಬಂದಿದೆ, ಅದನ್ನ ದೇವರಿಗೇ ಹೇಳ್ತಿದೀನಿ ಅಂತ. ಸತ್ತುಹೋಗಿದ್ದ ಸ್ನೇಹಿತ ಲಾಜರನ ಸಮಾಧಿ ಹತ್ರ ಯೇಸು ಅತ್ತದ್ದನ್ನ ಓದಿದ್ವಿ. ಇನ್ನೇನು ಎಬ್ಬಿಸ್ತೀನಿ ಅಂತ ಗೊತ್ತಿದ್ದವನೂ ಅತ್ತ ಅಲ್ವಾ ಅಂತ ಒಬ್ಬ ಹುಡುಗ ಅವನಾಗೇ ಹೇಳಿದ. ಆ ಪುಟ್ಟಿ ಮಾತ್ರ ಸುಮ್ನೆ ಇದ್ದು, ಕೊನೆಗೆ "ನಿಮ್ಮ ತಮ್ಮನ ಹೆಸರೇನು ಆಂಟಿ?" ಅಂದ್ಳು. ವರ್ಷದಿಂದ ಸಭೆಯಲ್ಲಿ ಯಾರೂ ಅವನ ಹೆಸರು ಎತ್ತಿರಲಿಲ್ಲ, ನನಗೆ ನೋವಾಗುತ್ತೆ ಅಂತ ಇರಬೇಕು. ಹೇಳಿದೆ. ಮುಗಿಸೋ ಪ್ರೇಯರ್ ಅವಳೇ ಮಾಡ್ತೀನಿ ಅಂದು, ಆಂಟಿ ಜೊತೆ ಇರಪ್ಪಾ ಅಂತ ಅವನ ಹೆಸರು ಸೇರಿಸಿ ಹೇಳಿದ್ಳು. ನಾನು ಆಮೆನ್ ಅಂದೆ. ಬಾಯಿಂದ ಸಲೀಸಾಗಿ ಬಂತು.

ಮುಂದಿನ ಎರಡು ತಿಂಗಳು ಇನ್ನೊಬ್ಬ ಸಿಸ್ಟರ್ ಪಾಠ ಮಾಡ್ತಾರೆ. ನಾನು ಕ್ಲಾಸಿಗೆ ಹೋಗಿ ಮಕ್ಕಳ ಜೊತೆ ಕೂತ್ಕೋತೀನಿ, ಅಮ್ಮನೂ ಬಂದ್ರೆ ಅಮ್ಮನ ಪಕ್ಕ. ಸಾಸಿವೆಕಾಳು ಬ್ರದರ್, ತಮ್ಮನ ಬಗ್ಗೆ ಕೇಳಿದ್ರಲ್ಲ, ಅವನಿಗೆ ಹಾಡೋಕೆ ಸ್ವಲ್ಪಾನೂ ಬರ್ತಿರಲಿಲ್ಲ, ಆದ್ರೂ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಡ್ತಿದ್ದ. ಇನ್ನೂ ತುಂಬಾ ಇದೆ, ನಾಳೆ ಬರೀತೀನಿ.